ಕಾರು ತಾನೇ ತಿರುಗುವುದು ಸುಲಭ, ಬಿಟ್ಟುಕೊಡುವುದು ಕಷ್ಟ

ಪ್ರಶ್ನೆ: ನಾನು ಬ್ರಹ್ಮಾವರದವನು, ಬ್ಯಾಂಕಿನಿಂದ ನಿವೃತ್ತನಾದವನು. ಲೇನಿನ ಗೆರೆ ದಾಟದಂತೆ ತಾನಾಗಿ ಸ್ಟೀರಿಂಗ್ ತಿದ್ದುವ ವ್ಯವಸ್ಥೆ ನನ್ನ ಹೊಸ ಕಾರಿನಲ್ಲಿದೆ. ಮಂಗಳೂರಿಗೆ ಹೋಗಿ ಬರುವಾಗ ಅದನ್ನು ಹಾಕಿಕೊಂಡೇ ಓಡಿಸುತ್ತೇನೆ. ಜಲ್ಲಿ ಲಾರಿಯಿಂದ ಕಲ್ಲು ಹಾರಿ ಮುಂದಿನ ಗಾಜು ಒಡೆದು, ಹೊಸದು ಹಾಕಿಸಿದ ಮೇಲೆ ಕಾರು ಲೇನಿನ ನಡುವೆ ಹೋಗದೆ ಎಡದ ಗೆರೆಗೆ ಅಂಟಿಕೊಳ್ಳುತ್ತಿದೆ. ಎರಡೂ ಕೈ ಸ್ಟೀರಿಂಗ್ ಮೇಲಿದ್ದರೂ ಆಗಾಗ ‘ಕೈ ಇಡಿ’ ಎಂದು ಎಚ್ಚರಿಸುತ್ತದೆ. ಹೊಂಡ ತಪ್ಪಿಸಲು ಹೊರಟರೆ ವಾಪಸ್ ಎಳೆಯುತ್ತದೆ. ಜೋರು ಮಳೆ ಬಂದಾಗ, ಅಂದರೆ ನಿಜವಾಗಿ ಸಹಾಯ ಬೇಕಾದಾಗಲೇ, ಕೈಕೊಡುತ್ತದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಕಿರಿಯ ಮಗಳು ‘ಒಂದು ಕ್ಯಾಮೆರಾ, ಒಂದು ಮೋಟರು, ಇದರಲ್ಲೇನಿದೆ ಅಪ್ಪ’ ಎನ್ನುತ್ತಾಳೆ. ಅದನ್ನೇ ಪ್ರಾಜೆಕ್ಟ್ ಮಾಡುವ ಯೋಚನೆಯೂ ಅವಳಿಗಿದೆ. ಇಂಥ ವ್ಯವಸ್ಥೆಯನ್ನು ರೂಪಿಸುವುದು ಹೇಗೆ? ತೀರ್ಥಹಳ್ಳಿಯ ಬೀಗರ ಮನೆಗೆ ಹೋಗುವಾಗ ಆಗುಂಬೆ ಘಾಟಿಯಲ್ಲಿ ಇದನ್ನು ನಂಬಬಹುದೇ?

ಉತ್ತರ: ಮೊದಲು ಗಾಜಿನ ವಿಷಯ ಮುಗಿಸೋಣ, ಅದು ತಡಮಾಡುವಂಥದ್ದಲ್ಲ. ನಿಮ್ಮ ಕಾರಿನ ಕ್ಯಾಮೆರಾ ಒಳಗನ್ನಡಿಯ ಹಿಂದೆ, ಗಾಜಿಗೆ ತಾಗಿಕೊಂಡು ಕೂತಿರುತ್ತದೆ. ಗಾಜು ಬದಲಿಸಿದಾಗ ಅದನ್ನು ಕಳಚಿ ಮತ್ತೆ ಕೂರಿಸುತ್ತಾರೆ. ಆಗ ಅದರ ನೋಟ ಒಂದೇ ಒಂದು ಡಿಗ್ರಿಯಷ್ಟು ಪಕ್ಕಕ್ಕೆ ವಾಲಿದರೂ 40 ಮೀಟರ್ ಮುಂದಿನ ರಸ್ತೆ ಅದರ ಲೆಕ್ಕದಲ್ಲಿ 70 ಸೆಂಟಿಮೀಟರ್ ಸರಿದಿರುತ್ತದೆ. ಕಾರು ಪ್ರಾಮಾಣಿಕವಾಗಿ ಲೇನಿನ ನಡುವೆಯೇ ಹೋಗುತ್ತಿದೆ, ಆದರೆ ಆ ‘ನಡು’ ಇರುವುದು ಕ್ಯಾಮೆರಾ ಕಂಡ ಜಾಗದಲ್ಲಿ. ಗಾಜು ಹಾಕಿದವರು ಕ್ಯಾಮೆರಾವನ್ನು ಕ್ಯಾಲಿಬ್ರೇಷನ್ ಮಾಡಿಕೊಟ್ಟರೇ, ಅಂದರೆ ಅದರ ನೋಟವನ್ನು ಮತ್ತೆ ಅಳೆದು ಸರಿಹೊಂದಿಸಿದರೇ ಎಂದು ಕೇಳಿ. ಕೆಲವು ಕಾರುಗಳಿಗೆ ಎದುರು ಗುರುತಿನ ಫಲಕ ನಿಲ್ಲಿಸಿ ಮಾಡಬೇಕು, ಕೆಲವಕ್ಕೆ ಗೆರೆ ಚೆನ್ನಾಗಿರುವ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಮಾಡಬೇಕು. ಆಗಿರದಿದ್ದರೆ, ಆಗುವವರೆಗೆ ಆ ಸೌಲಭ್ಯವನ್ನು ಬಂದ್ ಮಾಡಿಡಿ. ಜೊತೆಗೆ ವೀಲ್ ಅಲೈನ್‌ಮೆಂಟನ್ನೂ ಒಮ್ಮೆ ನೋಡಿಸಿಬಿಡಿ.

ಇನ್ನು ನಿಮ್ಮ ಮಗಳ ಮಾತು. ಅದರಲ್ಲಿ ಅರ್ಧ ನಿಜ ಇದೆ, ಆ ಅರ್ಧವನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಮೋಟರು ಈಗಾಗಲೇ ಕಾರಿನಲ್ಲಿ ಇದೆ, ಯಾರೂ ಹೊಸದಾಗಿ ಕೂರಿಸಿದ್ದಲ್ಲ. ಈಗಿನ ಬಹುಪಾಲು ಕಾರುಗಳ ಪವರ್ ಸ್ಟೀರಿಂಗ್ ವಿದ್ಯುತ್ತಿನದು. ಸ್ಟೀರಿಂಗ್ ಕಂಬದ ನಡುವೆ ಬೆರಳು ಗಾತ್ರದ ಒಂದು ಉಕ್ಕಿನ ಸರಳು ಇರುತ್ತದೆ, ಟಾರ್ಷನ್ ಬಾರ್. ನೀವು ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚಾಟವನ್ನು ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕಷ್ಟು ಬಲವನ್ನು ಮೋಟರು ಸೇರಿಸುತ್ತದೆ. ನಿಮ್ಮ ಕೈಯ ಸೂಚನೆ ಬರುವ ಜಾಗಕ್ಕೆ ಕ್ಯಾಮೆರಾದ ಸೂಚನೆಯನ್ನೂ ಕಳಿಸಿಬಿಟ್ಟರೆ ಕಾರು ತಾನೇ ತಿರುಗುತ್ತದೆ. ಇಷ್ಟೇ ಆಗಿದ್ದರೆ ಮಗಳು ಹೇಳಿದ್ದು ಪೂರ್ತಿ ಸರಿ, ನಾನು ಈ ಉತ್ತರವನ್ನು ಇಲ್ಲಿಗೇ ಮುಗಿಸಬಹುದಿತ್ತು.

ಎಷ್ಟು ತಿರುಗಿಸಬೇಕು ಎಂಬ ಲೆಕ್ಕವೂ ಮೊದಲ ನೋಟಕ್ಕೆ ಸರಳವೇ. 2005ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮೊಹಾವಿ ಮರುಭೂಮಿಯಲ್ಲಿ ಚಾಲಕರಿಲ್ಲದ ವಾಹನಗಳ ಪಂದ್ಯ ಇಟ್ಟಿತ್ತು. ಸುಮಾರು 212 ಕಿಲೋಮೀಟರ್ ಹಾದಿಯನ್ನು ಏಳು ಗಂಟೆಯೊಳಗೆ ಮುಗಿಸಿ ಗೆದ್ದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’. ಅದರ ಸ್ಟೀರಿಂಗ್ ಸೂತ್ರ ಈಗಲೂ ಪಾಠದಲ್ಲಿದೆ, ಒಂದೇ ಸಾಲಿನದು. ಕಾರಿನ ಮೂತಿ ಹಾದಿಗಿಂತ ಎಷ್ಟು ಕೋನ ಓರೆಯಾಗಿದೆಯೋ ಅಷ್ಟನ್ನು ತೆಗೆದುಕೊಳ್ಳಿ. ಹಾದಿಯಿಂದ ಎಷ್ಟು ಪಕ್ಕಕ್ಕೆ ಸರಿದಿದೆಯೋ ಅದನ್ನು ವೇಗದಿಂದ ಭಾಗಿಸಿ, ಒಂದು ಸ್ಥಿರಾಂಕದಿಂದ ಗುಣಿಸಿ, ಆರ್ಕ್‌ಟ್ಯಾನ್ ಮಾಡಿ (ಅಂದರೆ ಆ ಸಂಖ್ಯೆಯನ್ನು ಕೋನಕ್ಕೆ ತಿರುಗಿಸಿ) ಕೂಡಿಸಿ. ಮುಂದಿನ ಚಕ್ರದ ಕೋನ ಸಿಕ್ಕಿತು. ಮಗಳು ಇದನ್ನು ಒಂದು ಸಂಜೆಯಲ್ಲಿ ಪ್ರೋಗ್ರಾಂ ಬರೆದು, ಕಂಪ್ಯೂಟರಿನ ಪರದೆಯ ಮೇಲೆ ಕಾರು ಓಡಿಸಿ ನಿಮಗೆ ತೋರಿಸಬಲ್ಲಳು. ವೇಗದಿಂದ ಭಾಗಿಸುವುದು ಏಕೆ ಎಂದು ಮಾತ್ರ ಅವಳನ್ನು ತಪ್ಪದೆ ಕೇಳಿ. ಗಂಟೆಗೆ 20 ಕಿಲೋಮೀಟರಿನಲ್ಲಿ ಸರಿಯಾದ ತಿರುವು 80ರಲ್ಲಿ ಕಾರನ್ನು ಡಿವೈಡರಿಗೆ ಹತ್ತಿಸುತ್ತದೆ.

ಕಷ್ಟ ಶುರುವಾಗುವುದು ತಡದಿಂದ. ಹೆದ್ದಾರಿ 66ರಲ್ಲಿ ನೀವು 80ರ ವೇಗದಲ್ಲಿದ್ದರೆ ಸೆಕೆಂಡಿಗೆ 22 ಮೀಟರ್ ಹೋಗುತ್ತಿರುತ್ತೀರಿ. ಕ್ಯಾಮೆರಾ ಚಿತ್ರ ತೆಗೆದು, ಗೆರೆ ಹುಡುಕಿ, ಲೆಕ್ಕ ಹಾಕಿ, ಮೋಟರಿಗೆ ಹೇಳಿ, ಮೋಟರು ಬಲ ಕೊಟ್ಟು, ಟಯರು ವಾಲಿ, ಕಾರಿನ ಮೈ ತಿರುಗುವ ಹೊತ್ತಿಗೆ ಕಾಲು ಸೆಕೆಂಡು ಆಗಿರುತ್ತದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಕಾರು ಐದೂವರೆ ಮೀಟರ್ ಮುಂದಿದೆ. ಹಳೆಯ ಸುದ್ದಿಗೆ ಈಗ ಉತ್ತರ ಕೊಟ್ಟಂತಾಯಿತು. ಸೂತ್ರದ ಸ್ಥಿರಾಂಕ ದೊಡ್ಡದಿದ್ದರೆ ಕಾರು ಒಮ್ಮೆ ಎಡಕ್ಕೆ ಹೆಚ್ಚು ತಿದ್ದಿಕೊಳ್ಳುತ್ತದೆ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ. ಗೆರೆಯಿಂದ ಗೆರೆಗೆ ತೂಗಾಡುತ್ತ ಹೋಗುವ ಅಗ್ಗದ ವ್ಯವಸ್ಥೆಗಳನ್ನು ನೀವು ನೋಡಿರಬಹುದು, ಹಿಂದೆ ಕೂತವರಿಗೆ ವಾಕರಿಕೆ ಬರುತ್ತದೆ. ಸ್ಥಿರಾಂಕ ಚಿಕ್ಕದಾದರೆ ತಿರುವಿನಲ್ಲಿ ಕಾರು ಹೊರಗೆ ಜಾರುತ್ತದೆ. ಎಲ್ಲ ವೇಗಕ್ಕೂ ಹೊಂದುವ ಒಂದು ಸ್ಥಿರಾಂಕ ಎಂಬುದೇ ಇಲ್ಲ. ಹಾಗಾಗಿ ವಿನ್ಯಾಸಕಾರರು ಇರುವ ಜಾಗವನ್ನಲ್ಲ, ಮುಂದೆ ತಲುಪುವ ಜಾಗವನ್ನು ನೋಡಿ ತಿರುಗಿಸುತ್ತಾರೆ. ಮಲ್ಪೆಯ ಅಳಿವೆಯಲ್ಲಿ ಬೋಟನ್ನು ಒಳತರುವ ತಂಡೇಲನೂ ಮೂತಿಯ ಬುಡದ ನೀರನ್ನು ನೋಡುತ್ತ ಕೂರುವುದಿಲ್ಲ, ದೂರದಲ್ಲಿ ಕಣ್ಣಿಟ್ಟು ಬೋಟು ತಿರುಗಲು ಹಿಡಿಯುವ ಹೊತ್ತನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಚುಕ್ಕಾಣಿ ಹಿಡಿಯುತ್ತಾನೆ.

ಅವಕಾಶ ಎಷ್ಟು ಕಡಿಮೆ ಎಂದು ಗೊತ್ತಾಗಲು ಒಂದು ಸಣ್ಣ ಲೆಕ್ಕ ಸಾಕು. ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ನಿಮ್ಮ ಕಾರು ಸುಮಾರು 1.8 ಮೀಟರ್. ಒಂದೊಂದು ಬದಿಗೆ ಉಳಿಯುವುದು 85 ಸೆಂಟಿಮೀಟರ್. ಕಾರಿನ ದಿಕ್ಕು ಒಂದು ಡಿಗ್ರಿ ತಪ್ಪಿದರೆ 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು 39 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎರಡು ಸೆಕೆಂಡು ಕಳೆದು ಸ್ವಲ್ಪದರಲ್ಲೇ ಟಯರು ಗೆರೆಯ ಮೇಲಿರುತ್ತದೆ. ಮೊಬೈಲ್ ಪರದೆಯತ್ತ ಒಮ್ಮೆ ಕಣ್ಣು ಹಾಯಿಸಲು ಬೇಕಾದ ಹೊತ್ತು ಅದು.

ಇದರ ಮೇಲೆ ರಸ್ತೆಯೂ ಸುಮ್ಮನಿರುವುದಿಲ್ಲ. ನೀರು ಹರಿದುಹೋಗಲೆಂದು ಹೆದ್ದಾರಿಯನ್ನು ಡಿವೈಡರಿನಿಂದ ಹೊರಬದಿಗೆ ಶೇ 2.5ರ ಆಸುಪಾಸು ಇಳಿಜಾರು ಮಾಡಿರುತ್ತಾರೆ. ನಮ್ಮ ಮಳೆಗೆ ಅದು ಬೇಕೇ ಬೇಕು. ಆದರೆ ಆ ಇಳಿಜಾರು ಕಾರನ್ನು ಸದಾ ಎಡಕ್ಕೆ ಮೆಲ್ಲಗೆ ಎಳೆಯುತ್ತಿರುತ್ತದೆ. ಮರವಂತೆಯಲ್ಲಿ, ಒಂದು ಬದಿ ಕಡಲು ಇನ್ನೊಂದು ಬದಿ ಸೌಪರ್ಣಿಕೆ ಇರುವ ಕಡೆ, ಮಳೆಗಾಲದ ಪಡುವಣ ಗಾಳಿ ಅಡ್ಡಕ್ಕೆ ಹೊಡೆಯುತ್ತದೆ. ದೊಡ್ಡ ಲಾರಿಯ ಪಕ್ಕ ಸಾಗುವಾಗ ಗಾಳಿ ನಿಂತು, ದಾಟಿದ ಕೂಡಲೇ ಮತ್ತೆ ಅಪ್ಪಳಿಸುತ್ತದೆ. ಮನುಷ್ಯನ ಕೈ ಇದನ್ನೆಲ್ಲ ಯೋಚಿಸದೆಯೇ ಸರಿದೂಗಿಸುತ್ತದೆ. ಯಂತ್ರಕ್ಕೆ ಹೇಳಿಕೊಡಬೇಕು: ಸದಾ ಒಂದೇ ಬದಿಗೆ ಎಳೆತ ಕಂಡರೆ ಅದನ್ನು ಕೂಡಿಸಿಟ್ಟುಕೊಂಡು ಎದುರು ಬಲ ಕೊಡು, ರಸ್ತೆ ಬದಲಾದರೆ ಕೂಡಿಸಿಟ್ಟದ್ದನ್ನು ಬೇಗ ಮರೆ. ಈ ‘ಬೇಗ’ ಎಂದರೆ ಎಷ್ಟು ಬೇಗ ಎಂಬುದರ ಮೇಲೆ ವಾರಗಟ್ಟಲೆ ಪರೀಕ್ಷೆ ನಡೆಯುತ್ತದೆ.

ಈಗ ಕಣ್ಣಿನ ಕಡೆ ಬರೋಣ, ನಿಮ್ಮ ಮಳೆಯ ದೂರು ಇರುವುದೂ ಅಲ್ಲೇ. ರಸ್ತೆಯ ಬಿಳಿ ಗೆರೆ ಬರೀ ಬಣ್ಣವಲ್ಲ. ಕಾಯಿಸಿ ಹಾಕಿದ ದಪ್ಪ ಬಣ್ಣದ ಮೇಲೆ ಸಣ್ಣ ಗಾಜಿನ ಮಣಿಗಳನ್ನು ಉದುರಿಸಿರುತ್ತಾರೆ. ನಿಮ್ಮ ಹೆಡ್‌ಲೈಟಿನ ಬೆಳಕು ಆ ಮಣಿಗಳೊಳಗೆ ಹೊಕ್ಕು ನಿಮ್ಮತ್ತಲೇ ತಿರುಗಿ ಬರುತ್ತದೆ, ಆದ್ದರಿಂದ ರಾತ್ರಿ ಗೆರೆ ಹೊಳೆಯುತ್ತದೆ. ಮಣಿಗಳ ಮೇಲೆ ನೀರಿನ ಪದರ ನಿಂತರೆ ಬೆಳಕು ಹಿಂದಿರುಗದೆ ಎದುರಿಗೆ ಜಾರಿಹೋಗುತ್ತದೆ. ಗೆರೆ ಮಾಯ. ಅದೇ ಹೊತ್ತಿಗೆ ಎದುರಿನ ವಾಹನಗಳ ದೀಪ ಒದ್ದೆ ಡಾಂಬರಿನಲ್ಲಿ ಉದ್ದುದ್ದ ಬಿಳಿ ಪಟ್ಟಿಯಾಗಿ ಕಾಣುತ್ತದೆ, ಕ್ಯಾಮೆರಾದ ಮಟ್ಟಿಗೆ ಅದೂ ಒಂದು ಗೆರೆಯೇ. ನಮ್ಮ ಕಡೆ ಇನ್ನೊಂದು ವಿಶೇಷ ಇದೆ. ಜೂನ್ ತಿಂಗಳ ಮೊದಲ ಮಳೆಗೆ ರಸ್ತೆ ಪಕ್ಕದ ಕೆಂಪು ಮಣ್ಣು ಹರಿದು ಬಂದು ಎಡಬದಿಯ ಗೆರೆಯನ್ನು ಅಲ್ಲಲ್ಲಿ ಪೂರ್ತಿ ಮುಚ್ಚಿಬಿಡುತ್ತದೆ. ಕೆಂಪು ಮಣ್ಣು ಮತ್ತು ಕಪ್ಪು ಡಾಂಬರು ಸೇರುವ ಅಂಚು, ಗೆರೆಗಿಂತ ಒಂದಡಿ ಒಳಗೆ, ಹಾವಿನಂತೆ ಸಾಗುತ್ತದೆ. ವಿದೇಶದ ರಸ್ತೆಗಳ ಚಿತ್ರ ನೋಡಿ ಕಲಿತ ಕ್ಯಾಮೆರಾಕ್ಕೆ ಇದು ಏನೆಂದು ಗೊತ್ತಿಲ್ಲ.

ಒಣ ದಿನದಲ್ಲಿಯೂ ಮೋಸ ಹೋಗುವ ಜಾಗಗಳಿವೆ. ಹೆದ್ದಾರಿ 66 ಉತ್ತರ ದಕ್ಷಿಣ ಓಡುವುದರಿಂದ ಸಂಜೆಯ ಸೂರ್ಯ ಎದುರಿಗೆ ಬರುವುದಿಲ್ಲ, ಅದೊಂದು ಪುಣ್ಯ. ಆದರೆ ಬದಿಯಿಂದ ಬೀಳುವ ಬಿಸಿಲಿಗೆ ಸೇತುವೆಯ ತಡೆಗೋಡೆಯ ನೆರಳು ಉದ್ದಕ್ಕೆ, ಲೇನಿಗೆ ಸಮಾನಾಂತರವಾಗಿ ಬೀಳುತ್ತದೆ. ಮಂಗಳೂರಿನಿಂದ ಮನೆಗೆ ಮರಳುವಾಗ ನಿಮ್ಮ ಎಡಕ್ಕೆ, ಮಂಗಳೂರಿಗೆ ಹೋಗುವಾಗ ಡಿವೈಡರಿನ ನೆರಳು ನಿಮ್ಮ ಬಲಕ್ಕೆ. ಬೆಳಕು ಕತ್ತಲೆಗಳ ಆ ಅಂಚು ನೇರವಾಗಿರುತ್ತದೆ, ಸ್ಪಷ್ಟವಾಗಿರುತ್ತದೆ, ನಿಜವಾದ ಗೆರೆಗಿಂತ ಚೆನ್ನಾಗಿರುತ್ತದೆ! ಸರ್ವಿಸ್ ರಸ್ತೆ ಸೀಳಿಕೊಳ್ಳುವ ಕಡೆ ಎಡದ ಗೆರೆ ಹೆದ್ದಾರಿ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ವ್ಯವಸ್ಥೆ ಎಡಗೆರೆಯನ್ನೇ ನಂಬಿದ್ದರೆ ಕಾರೂ ಸರ್ವಿಸ್ ರಸ್ತೆಗೆ ಹೊರಡುತ್ತದೆ. ಒಳ್ಳೆಯ ವಿನ್ಯಾಸ ಎರಡೂ ಗೆರೆಗಳನ್ನು ನೋಡುತ್ತದೆ, ಅವುಗಳ ನಡುವಿನ ಅಂತರ ದಿಢೀರ್ ಹಿಗ್ಗಿದರೆ ಬದಲಾಗದ ಗೆರೆಯನ್ನು ಹಿಡಿಯುತ್ತದೆ, ಮುಂದೆ ಹೋಗುತ್ತಿರುವ ವಾಹನದ ಜಾಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮುಂದಿರುವುದು ನಮ್ಮ ಎಕ್ಸ್‌ಪ್ರೆಸ್ ಬಸ್ಸಾಗಿದ್ದರೆ ಅದರ ಜಾಡನ್ನು ಹಿಂಬಾಲಿಸದಿರುವುದೇ ಕ್ಷೇಮ ಎಂಬುದು ಬೇರೆ ಮಾತು.

ಆದ್ದರಿಂದ ಮಳೆಯಲ್ಲಿ ನಿಮ್ಮ ಕಾರು ಕೈಕೊಡುತ್ತದೆ ಎಂದು ನೀವು ಬರೆದದ್ದನ್ನು ನಾನು ದೋಷವೆಂದು ಒಪ್ಪುವುದಿಲ್ಲ. ಗೆರೆ ಕಾಣದಿದ್ದಾಗ ‘ನನಗೆ ಕಾಣುತ್ತಿಲ್ಲ’ ಎಂದು ಹೇಳಿ ಬಿಟ್ಟುಕೊಡುವ ಕಾರು, ಕಂಡಂತೆ ನಟಿಸುವ ಕಾರಿಗಿಂತ ಎಷ್ಟೋ ಮೇಲು. ನನ್ನ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಸ್ವಯಂಚಾಲಿತ ಸ್ಟೀರಿಂಗ್ ವಿನ್ಯಾಸದಲ್ಲಿ ಕಾಲಾಂಶ ಶ್ರಮ ತಿರುಗಿಸುವುದಕ್ಕೆ, ಮುಕ್ಕಾಲಂಶ ಯಾವಾಗ, ಎಷ್ಟು ಮೆಲ್ಲಗೆ ಬಿಡಬೇಕು ಎಂಬುದಕ್ಕೆ. ಮಗಳು ಲೆಕ್ಕಕ್ಕೆ ಹಿಡಿಯದ ಭಾಗ ಇದು.

ನಿಮ್ಮ ಹೊಂಡದ ಉದಾಹರಣೆಯನ್ನೇ ನಿಧಾನವಾಗಿ ನೋಡೋಣ. ನೀವು 70ರಲ್ಲಿದ್ದೀರಿ. ಮುಂದೆ ಹೊಂಡ. ಇಂಡಿಕೇಟರ್ ಹಾಕುವಷ್ಟು ಪುರುಸೊತ್ತಿಲ್ಲ, ಹಾಕುವ ಅಭ್ಯಾಸವೂ ನಮಗಿಲ್ಲ. ಸ್ಟೀರಿಂಗನ್ನು ಬಲಕ್ಕೆ ತಿರುಗಿಸುತ್ತೀರಿ. ಕಾರಿಗೆ ಹೊಂಡ ಕಂಡಿಲ್ಲ, ಗೆರೆ ಮಾತ್ರ ಕಂಡಿದೆ. ಅದರ ದೃಷ್ಟಿಯಲ್ಲಿ ಚಾಲಕ ತೂಕಡಿಸಿದ್ದಾನೆ, ಕಾರು ಪಕ್ಕದ ಲೇನಿಗೆ ಜಾರುತ್ತಿದೆ. ಅದು ಎಡಕ್ಕೆ ಎಳೆಯುತ್ತದೆ, ಅಂದರೆ ಹೊಂಡದ ಕಡೆಗೆ. ಟಾರ್ಷನ್ ಬಾರಿನಲ್ಲಿ ಈಗ ಎರಡು ಬಲಗಳು ಎದುರುಬದುರಾಗಿವೆ. ಯಾರು ಗೆಲ್ಲಬೇಕು? ನೀವೇ ಗೆಲ್ಲಬೇಕು, ಪ್ರತಿ ಸಲವೂ, ವೃದ್ಧರ ಕೈಯಾದರೂ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಸ್ಟೀರಿಂಗಿಗೆ ಸಂಬಂಧಿಸಿದ್ದು 79ನೆಯದು. ಯಂತ್ರದ ತಿದ್ದುವಿಕೆಯನ್ನು ಚಾಲಕ ಮೀರಲು 50 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು ಎಂದು ಅದು ಹೇಳುತ್ತದೆ, ಅಂದರೆ ಐದು ಕಿಲೋ ಅಕ್ಕಿ ಚೀಲ ಎತ್ತುವಷ್ಟು. ಇದು ಗರಿಷ್ಠ ಮಿತಿ, ಒಳ್ಳೆಯ ಕಾರುಗಳಲ್ಲಿ ಇದಕ್ಕಿಂತ ಬಹಳ ಕಡಿಮೆ ಸಾಕು. ನಿಮ್ಮ ಕೈ ಗಟ್ಟಿಯಾಗಿ ಬಲಕ್ಕೆ ಹೇಳಿತೆಂದರೆ ಯಂತ್ರ ಸುಮ್ಮನಾಗಬೇಕು.

ಆದರೆ ಒಮ್ಮೆಲೇ ಸುಮ್ಮನಾಗುವಂತೆಯೂ ಇಲ್ಲ! ಎಡಕ್ಕೆ ಎಳೆಯುತ್ತಿದ್ದ ಬಲ ತಟಕ್ಕನೆ ಇಲ್ಲವಾದರೆ, ಅದಕ್ಕೆ ಎದುರಾಗಿ ಒತ್ತುತ್ತಿದ್ದ ನಿಮ್ಮ ಕೈ ಕಾರನ್ನು ಬಲಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಎಸೆಯುತ್ತದೆ, ಆ ಬದಿಯಲ್ಲೇ ಬಸ್ಸು ಬರುತ್ತಿರಬಹುದು. ಆದ್ದರಿಂದ ಬಲವನ್ನು ಸೆಕೆಂಡಿನ ಒಂದು ಭಾಗದಲ್ಲಿ ಇಳಿಜಾರಿನಂತೆ ಇಳಿಸಬೇಕು. ತಿರುವಿನ ನಡುವೆ ಗೆರೆ ಕಾಣೆಯಾದರೆ ಇನ್ನೂ ಸೂಕ್ಷ್ಮ. ಅಲ್ಲಿ ಬಿಟ್ಟರೆ ಚಕ್ರ ತಾನಾಗಿ ನೇರವಾಗುತ್ತದೆ, ಕಾರು ತಿರುವು ಬಿಟ್ಟು ನೇರ ಹೋಗುತ್ತದೆ. ಹಾಗಾಗಿ ಕೊನೆಗೆ ಕಂಡ ತಿರುವನ್ನು ಸ್ವಲ್ಪ ಹೊತ್ತು ನೆನಪಿನಿಂದಲೇ ಹಿಡಿದಿಟ್ಟು, ಸದ್ದು ಮಾಡಿ, ನಿಮ್ಮ ಕೈಯ ಬಲ ಸೆನ್ಸರಿನಲ್ಲಿ ಕಂಡಮೇಲೆ ಬಿಡಬೇಕು. ನಿಮ್ಮ ಕಾರಿನಲ್ಲಿ ಹೊಂಡ ತಪ್ಪಿಸುವಾಗ ಆಗುವ ಎಳೆದಾಟ ಹಿತವಾಗಿಲ್ಲ ಎಂದಾದರೆ ಮೆನುವಿನಲ್ಲಿ ಅದರ ಗಡಸನ್ನು ಕಡಿಮೆ ಮಾಡುವ ಆಯ್ಕೆ ಇದೆಯೇ ನೋಡಿ. ಇಂಡಿಕೇಟರ್ ಹಾಕಿದರೆ ಅದು ಎಳೆಯುವುದೇ ಇಲ್ಲ ಎಂಬುದನ್ನೂ ನೆನಪಿಡಿ. ಈ ಕಾರಿನ ನೆಪದಲ್ಲಾದರೂ ಇಂಡಿಕೇಟರ್ ಅಭ್ಯಾಸವಾದರೆ ಒಳ್ಳೆಯದೇ.

‘ಕೈ ಇಡಿ’ ಎಂಬ ಎಚ್ಚರಿಕೆಯೂ ಇದರ ಅಂಗವೇ. ನಿಮ್ಮ ಕೈ ಇದೆಯೇ ಎಂದು ಕಾರಿಗೆ ಗೊತ್ತಾಗುವುದು ಅದೇ ಟಾರ್ಷನ್ ಬಾರಿನಿಂದ. ನೇರ ರಸ್ತೆಯಲ್ಲಿ ನೀವು ಹಗುರವಾಗಿ ಹಿಡಿದಿದ್ದರೆ ಅದು ತಿರುಚಿಕೊಳ್ಳುವುದಿಲ್ಲ, ಕಾರಿಗೆ ಕೈ ಇಲ್ಲವೆಂದೇ ಅನ್ನಿಸುತ್ತದೆ. ಸ್ವಲ್ಪ ಅಲುಗಿಸಿದರೆ ಸಾಕು. ಹೊಸ ಕಾರುಗಳು ಕೆಲವಲ್ಲಿ ಸ್ಟೀರಿಂಗಿನ ಬಳೆಯಲ್ಲೇ ಸ್ಪರ್ಶ ತಿಳಿಯುವ ಸೆನ್ಸರ್ ಇದೆ, ಅವಕ್ಕೆ ಈ ಗೊಂದಲ ಇಲ್ಲ. ಇದನ್ನು ಮೋಸಗೊಳಿಸಲು ಜನ ಸ್ಟೀರಿಂಗಿಗೆ ನೀರಿನ ಬಾಟಲಿ ಸಿಕ್ಕಿಸುತ್ತಾರೆ, ಕಿತ್ತಳೆಹಣ್ಣು ತುರುಕುತ್ತಾರೆ. ಯಂತ್ರವನ್ನು ಮೋಸಗೊಳಿಸಿದ ಹೆಮ್ಮೆ ಅವರಿಗೆ. ಗೆರೆ ಮುಗಿದ ಜಾಗದಲ್ಲಿ ಯಂತ್ರ ಕಾರನ್ನು ಆ ಬಾಟಲಿಗೇ ಒಪ್ಪಿಸುತ್ತದೆ ಎಂಬುದು ಅವರ ತಲೆಗೆ ಹೊಳೆದಿರುವುದಿಲ್ಲ.

ಮನುಷ್ಯನಿಗೆ ಒಪ್ಪಿಸುವುದೂ ಅಂದುಕೊಂಡಷ್ಟು ಸಲೀಸಲ್ಲ. 1995ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೀನ್ ಪಾಮರ್ಲೋ ಮತ್ತು ಟಾಡ್ ಜೋಕೆಮ್ ಎಂಬಿಬ್ಬರು ‘ನ್ಯಾವ್‌ಲ್ಯಾಬ್ 5’ ಎಂಬ ವಾಹನದಲ್ಲಿ ಪಿಟ್ಸ್‌ಬರ್ಗಿನಿಂದ ಸ್ಯಾನ್ ಡಿಯಾಗೋವರೆಗೆ ಅಮೆರಿಕವನ್ನು ಅಡ್ಡ ದಾಟಿದರು. ಬ್ರೇಕು, ಆಕ್ಸಿಲರೇಟರು ಅವರ ಕಾಲಲ್ಲಿ, ಸ್ಟೀರಿಂಗ್ ಮಾತ್ರ ಕಂಪ್ಯೂಟರಿನದು. ಸುಮಾರು 4,500 ಕಿಲೋಮೀಟರಿನ ಹಾದಿಯಲ್ಲಿ ಶೇ 98.2ರಷ್ಟನ್ನು ಯಂತ್ರವೇ ನಡೆಸಿತು. ಇಷ್ಟು ವರ್ಷಗಳ ಹಿಂದೆಯೇ! ಮಗಳ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಉಳಿದ ಶೇ 1.8 ಎಷ್ಟಾಯಿತು ಲೆಕ್ಕ ಹಾಕಿ. ಎಂಬತ್ತು ಕಿಲೋಮೀಟರಿನ ಆಸುಪಾಸು, ಅಂದರೆ ಮಂಗಳೂರಿನಿಂದ ಉಡುಪಿಯವರೆಗಿನ ಇಡೀ ದಾರಿಗಿಂತ ಹೆಚ್ಚು. ಅದೂ ಒಂದೇ ಕಡೆ ಅಲ್ಲ, ದೇಶದ ಉದ್ದಗಲಕ್ಕೆ ಚದುರಿಹೋಗಿದ್ದ ಕ್ಷಣಗಳಲ್ಲಿ. ಆ ಇಬ್ಬರು ಆ ವ್ಯವಸ್ಥೆಯನ್ನು ಕಟ್ಟಿದವರು, ಅದು ಯಾವಾಗ ಎಡವುತ್ತದೆ ಎಂದು ಬಲ್ಲವರು, ಕಣ್ಣು ಮಿಟುಕಿಸದೆ ಕೂತವರು. ನಾವು ಹಾಗೆ ಕೂರುವುದಿಲ್ಲ. ಸ್ವಯಂಚಾಲನೆ ಸುಲಭದ ಕೆಲಸವನ್ನು ತಾನು ಮಾಡಿ ಕಷ್ಟದ್ದನ್ನು ಮನುಷ್ಯನಿಗೆ ಉಳಿಸುತ್ತದೆ, ಜೊತೆಗೆ ಅವನ ಅಭ್ಯಾಸವನ್ನೂ ಕಿತ್ತುಕೊಳ್ಳುತ್ತದೆ ಎಂದು ಲಿಸೇನ್ ಬೇನ್‌ಬ್ರಿಜ್ ಎಂಬ ಮನೋವಿಜ್ಞಾನಿ 1983ರಲ್ಲೇ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳನ್ನು ನೋಡಿ ಬರೆದಿದ್ದರು. ವ್ಯವಸ್ಥೆ ನೂರು ಸಲ ಸರಿಯಾಗಿ ನಡೆದುಕೊಂಡಷ್ಟೂ ನೂರೊಂದನೆಯ ಸಲ ನೀವು ಹೆಚ್ಚು ಮೈಮರೆತಿರುತ್ತೀರಿ. ಅದಕ್ಕಾಗಿಯೇ ನಿಮ್ಮ ಕಾರು ಕಿರಿಕಿರಿ ಎನ್ನಿಸುವಷ್ಟು ಸಲ ಕೈ ಕೇಳುತ್ತದೆ. 79ನೇ ನಿಯಮದಲ್ಲಿ ಕೈಬಿಟ್ಟು 15 ಸೆಕೆಂಡಾದರೆ ಪರದೆಯ ಎಚ್ಚರಿಕೆ, 30 ಸೆಕೆಂಡಾದರೆ ಕೆಂಪು ಚಿಹ್ನೆಯೊಂದಿಗೆ ಸದ್ದು ಎಂದಿದೆ. ಕಣ್ಣನ್ನೂ ರಸ್ತೆಯಿಂದ ತೆಗೆಯಬಹುದಾದ ಮೂರನೇ ಹಂತದ ವ್ಯವಸ್ಥೆಗಳಿಗೆ ಬೇರೆಯೇ ನಿಯಮ, 157ನೆಯದು. ಅಲ್ಲಿ ಯಂತ್ರ ‘ನೀನು ತೆಗೆದುಕೋ’ ಎಂದಮೇಲೆ ಚಾಲಕನಿಗೆ ಕಡಿಮೆಯೆಂದರೆ ಹತ್ತು ಸೆಕೆಂಡು ಕೊಡಬೇಕು. ಆ ಹತ್ತು ಸೆಕೆಂಡೂ ಕಾರನ್ನು ಯಂತ್ರವೇ ನಡೆಸುತ್ತಿರಬೇಕು, ಯಾರೂ ತೆಗೆದುಕೊಳ್ಳದಿದ್ದರೆ ತಾನೇ ನಿಧಾನಿಸಿ ನಿಲ್ಲಿಸಬೇಕು. 80ರ ವೇಗದಲ್ಲಿ ಹತ್ತು ಸೆಕೆಂಡು ಎಂದರೆ 220 ಮೀಟರ್. ಅಷ್ಟು ದೂರ ಮುಂದೇನಿದೆ ಎಂದು ಸುರತ್ಕಲ್, ಪಡುಬಿದ್ರಿಗಳ ನಡುವೆ ಯಾವ ಯಂತ್ರವಾದರೂ ಭರವಸೆ ಕೊಡಲಿ, ನೋಡೋಣ.

ಯಂತ್ರವೇ ಕೆಟ್ಟರೆ ಏನು ಎಂಬ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ, ಈ ಭಾಗ ಈಗ ಬಹುಮಟ್ಟಿಗೆ ಪಳಗಿದೆ. ಸ್ಟೀರಿಂಗ್ ತನ್ನಷ್ಟಕ್ಕೆ ತಿರುಗಿಬಿಡುವಂಥ ದೋಷವನ್ನು ಐಎಸ್‌ಒ 26262 ಎಂಬ ಮಾನದಂಡದಲ್ಲಿ ಅತ್ಯಂತ ಕಠಿಣ ದರ್ಜೆಗೆ ಸೇರಿಸುತ್ತಾರೆ. ಅಂಥ ಅಪಾಯಕ್ಕೆ ಕಾರಣವಾಗುವ ಬಿಡಿಭಾಗಗಳ ವೈಫಲ್ಯ ಹತ್ತು ಕೋಟಿ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ಅಲ್ಲಿನ ಗುರಿ. ಅದಕ್ಕಾಗಿ ಎರಡು ಪ್ರೊಸೆಸರ್‌ಗಳು ಒಂದರ ಲೆಕ್ಕವನ್ನು ಇನ್ನೊಂದು ನೋಡುತ್ತವೆ, ಮೋಟರಿನಲ್ಲಿ ಎರಡು ಸುತ್ತಿನ ತಂತಿಗಳಿರುತ್ತವೆ. ನಿಮ್ಮ ಕಾರಿನಲ್ಲಿ ಎಲ್ಲವೂ ಸತ್ತರೂ ಸ್ಟೀರಿಂಗಿನಿಂದ ಚಕ್ರದವರೆಗೆ ಉಕ್ಕಿನ ಸಂಪರ್ಕ ಇದೆ, ಭಾರವಾದರೂ ತಿರುಗಿಸಬಹುದು. ಆ ಸಂಪರ್ಕವನ್ನೇ ತೆಗೆದು ತಂತಿಯಲ್ಲಿ ಮಾತ್ರ ಸೂಚನೆ ಕಳಿಸುವ ಸ್ಟೀರಿಂಗೂ ಬಂದಿದೆ. 2013ರ ಇನ್ಫಿನಿಟಿ ಕ್ಯೂ50ಯಲ್ಲಿ, ಆಪತ್ತಿನಲ್ಲಿ ಉಕ್ಕಿನ ಸಂಪರ್ಕವನ್ನು ಮತ್ತೆ ಜೋಡಿಸಲೆಂದು ಒಂದು ಕ್ಲಚ್ ಉಳಿಸಿಕೊಂಡಿದ್ದರು, 2023ರ ಟೆಸ್ಲಾ ಸೈಬರ್‌ಟ್ರಕ್‌ನಲ್ಲಿ ಅದೂ ಇಲ್ಲ. ಉಪ್ಪುಗಾಳಿಗೆ ಬಾಗಿಲಿನ ತಿರುಗಣೆಯೇ ತುಕ್ಕು ಹಿಡಿಯುವ ಊರಿನಲ್ಲಿ ಬೆಳೆದ ನನಗೆ ಅದರ ಮೇಲೆ ಇನ್ನೂ ಪೂರ್ತಿ ಮನಸ್ಸು ಬಂದಿಲ್ಲ, ಅದನ್ನು ನನ್ನ ಪೂರ್ವಗ್ರಹ ಎಂದೇ ಇಟ್ಟುಕೊಳ್ಳಿ.

ಆಗುಂಬೆ. ಬೇಡ. ಸೋಮೇಶ್ವರ ದಾಟಿ ಘಾಟಿ ಹತ್ತುವ ಮೊದಲೇ ಬಂದ್ ಮಾಡಿ. ಹೆದ್ದಾರಿಯ 500 ಮೀಟರ್ ತ್ರಿಜ್ಯದ ತಿರುವಿಗೆ ಸ್ಟೀರಿಂಗನ್ನು ಐದು ಡಿಗ್ರಿಯಷ್ಟು ತಿರುಗಿಸಿದರೆ ಸಾಕು. ಘಟ್ಟದ ರಸ್ತೆಗಳಲ್ಲಿ ಹೇರ್‌ಪಿನ್ ತಿರುವಿನ ಕನಿಷ್ಠ ತ್ರಿಜ್ಯ 14 ಮೀಟರ್ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಅದಕ್ಕೆ ಸ್ಟೀರಿಂಗನ್ನು ಸುಮಾರು 160 ಡಿಗ್ರಿ, ಅಂದರೆ ಅರ್ಧ ಸುತ್ತಿನ ಹತ್ತಿರ ತಿರುಗಿಸಬೇಕು. ಲೇನ್ ಕಾಯುವ ಮೋಟರಿಗೆ ಅಷ್ಟು ತಿರುಗಿಸುವ ಅಧಿಕಾರವನ್ನು ಬೇಕೆಂದೇ ಕೊಟ್ಟಿರುವುದಿಲ್ಲ. ಕ್ಯಾಮೆರಾ ನೇರ ಮುಂದೆ ನೋಡುತ್ತದೆ, ಹೇರ್‌ಪಿನ್ನಿನ ರಸ್ತೆ ಬಾಗಿಲಿನ ಪಕ್ಕದಲ್ಲಿರುತ್ತದೆ, ಆದ್ದರಿಂದ ಅದಕ್ಕೆ ಕಾಣುವುದು ಕಾಡು ಮತ್ತು ಮಂಜು. ಇಂಥ ಬಹಳಷ್ಟು ವ್ಯವಸ್ಥೆಗಳು 60ರ ಆಸುಪಾಸಿನ ವೇಗಕ್ಕಿಂತ ಕೆಳಗೆ ಕೆಲಸವನ್ನೇ ಮಾಡುವುದಿಲ್ಲ. ಇನ್ನು ಎದುರಿನಿಂದ ಮಿನಿಬಸ್ ಬಂದಾಗ ಯಾರು ಹಿಂದೆ ಸರಿಯಬೇಕು ಎಂಬುದು ಹಾರ್ನು, ಕೈಸನ್ನೆಗಳಲ್ಲಿ ತೀರ್ಮಾನವಾಗುತ್ತದೆ. ಅದಕ್ಕೆ ಸೂತ್ರ ಬರೆದವರು ಇನ್ನೂ ಇಲ್ಲ. ತೀರ್ಥಹಳ್ಳಿಯಿಂದ ಸಂಜೆ ಮರಳುವಾಗ ಪಡುವಣಕ್ಕೆ ಇಳಿಯುವುದರಿಂದ ಸೂರ್ಯ ಕ್ಯಾಮೆರಾದ ಕಣ್ಣಿಗೇ ಹೊಡೆಯುತ್ತಾನೆ ಎಂಬುದನ್ನೂ ಗಮನಿಸಿ. ಹೆಬ್ರಿ ದಾಟಿದ ಮೇಲೂ ಅದೇ ಪಾಡು.

ಮಗಳ ಪ್ರಾಜೆಕ್ಟಿನ ಬಗ್ಗೆ ನನ್ನ ಸಲಹೆ. ನಿಜವಾದ ಕಾರಿಗೆ ಮೋಟರು ಜೋಡಿಸಿ ರಸ್ತೆಗಿಳಿಸುವ ಮಾತೇ ಬೇಡ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ, ಅದು ಬರದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಸ್ಟ್ಯಾನ್ಲಿಯ ಸೂತ್ರವನ್ನು ಕಂಪ್ಯೂಟರಿನಲ್ಲಿ ಓಡಿಸಲಿ. ಆಮೇಲೆ ಅದಕ್ಕೆ ಕಾಲು ಸೆಕೆಂಡು ತಡ ಸೇರಿಸಲಿ, ಶೇ 2.5 ಇಳಿಜಾರು ಸೇರಿಸಲಿ, ನಡುವೆ ಎರಡು ಸೆಕೆಂಡು ಗೆರೆಯನ್ನೇ ಅಳಿಸಲಿ. ಕಾರು ಎಲ್ಲಿ ಹೋಗಿ ಬೀಳುತ್ತದೆ ಎಂದು ನೋಡಿದರೆ ಅವಳ ಪ್ರಾಜೆಕ್ಟಿನ ನಿಜವಾದ ಪ್ರಶ್ನೆ ಅವಳಿಗೇ ಸಿಗುತ್ತದೆ. ಇನ್ನೊಂದು ಕೆಲಸ ಇದೆ, ನನಗೆ ಕೇಳಿದರೆ ಅದೇ ಹೆಚ್ಚು ಉಪಯೋಗದ್ದು. ನಿಮ್ಮ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮೊಬೈಲ್ ಗಟ್ಟಿಯಾಗಿ ಕೂರಿಸಿ, ನೀವು ಓಡಿಸುವಾಗ ಬ್ರಹ್ಮಾವರದಿಂದ ಮಂಗಳೂರಿನವರೆಗೆ ವಿಡಿಯೊ ತೆಗೆಯಲಿ. ಜನವರಿಯ ಹಗಲು ಒಮ್ಮೆ, ಜನವರಿಯ ಸಂಜೆ ನಾಲ್ಕೂವರೆಯ ಇಳಿಬಿಸಿಲಿನಲ್ಲಿ ಒಮ್ಮೆ, ಜೂನ್ ಮಳೆಯಲ್ಲಿ ಒಮ್ಮೆ, ಮಳೆಯ ರಾತ್ರಿ ಒಮ್ಮೆ. ಎಡಗೆರೆ, ಬಲಗೆರೆ ಎಷ್ಟು ಹೊತ್ತು ಕಾಣುತ್ತವೆ, ಎಲ್ಲಿ ಒಂದೇ ಕಾಣುತ್ತದೆ, ಎಲ್ಲಿ ಎರಡೂ ಇಲ್ಲ ಎಂದು ಫ್ರೇಮ್ ಫ್ರೇಮ್ ನೋಡಿ ನಕ್ಷೆಯ ಮೇಲೆ ಗುರುತಿಸಲಿ. ಗೆರೆ ಸತತವಾಗಿ ಕಾಣೆಯಾದ ಅತಿ ಉದ್ದದ ಜಾಗ ಎಷ್ಟು ಸೆಕೆಂಡಿನದು ಎಂಬ ಅಂಕಿ ಅವಳಿಗೆ ಸಿಕ್ಕಿತೆಂದರೆ, ಕಾರು ನೆನಪಿನಿಂದ ಎಷ್ಟು ಹೊತ್ತು ಹಿಡಿದಿಡಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬುದನ್ನು ಅವಳು ನಮ್ಮದೇ ರಸ್ತೆಗೆ ಲೆಕ್ಕ ಹಾಕಬಹುದು. ವಿಡಿಯೊ ತೆಗೆಯುವ ದಿನ ಕಾರಿನ ಲೇನ್ ವ್ಯವಸ್ಥೆ ಚಾಲೂ ಇರಲಿ, ಪರದೆಯ ಮೇಲಿನ ಅದರ ಗೆರೆ ಚಿಹ್ನೆ ಹಸಿರಾದದ್ದು, ಬೂದಾದದ್ದು ಇನ್ನೊಂದು ಮೊಬೈಲಿನಲ್ಲಿ ದಾಖಲಾಗಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ನನಗೂ ಕುತೂಹಲ ಇದೆ. ಆದರೆ ಅದಕ್ಕೂ ಮೊದಲು ಕ್ಯಾಮೆರಾದ ಕ್ಯಾಲಿಬ್ರೇಷನ್ ಆಗಿರಬೇಕು.